ಜೈಮಿನಿಯ ಅದ್ಭುತಗಳು, ಹಳ್ಳಿಯ ನೆನಪು

ಹೊಸದುರ್ಗ, ಹಿರಿಯೂರುಗಳ ಸೀಮೆಗೆ ವೇದಾವತಿ ಹರಿದು ಬರುವುದು ಕಡೂರಿನ ಕಡೆಯಿಂದ. ಆ ಕಡೂರು ತಾಲ್ಲೂಕಿನ ದೇವನೂರೇ ಲಕ್ಷ್ಮೀಶ ಕವಿಯ ಊರೆಂದು ಬಹುಮಂದಿ ವಿದ್ವಾಂಸರ ಮತ. 16ನೆಯ ಶತಮಾನದವನೆಂದು ಸಾಮಾನ್ಯವಾಗಿ ಎಣಿಸುವ ಈ ಕವಿಯ ಜೈಮಿನಿ ಭಾರತದಷ್ಟು ಹಳ್ಳಿ ಹೊಕ್ಕ ಕಾವ್ಯಗಳು ಕನ್ನಡದಲ್ಲಿ ಕೆಲವೇ.

ಅದ್ಭುತ ಕಥೆಯೆಂದರೆ ಈಗಿನ ಹುಡುಗರು ಗ್ರಹಾಂತರ ಪ್ರಯಾಣ, ಕಾಲಯಂತ್ರ ಎನ್ನುತ್ತಾರೆ. ಜೈಮಿನಿಯಲ್ಲೇನು ಕಡಮೆ? ಯಾಗದ ಕುದುರೆ ಬಂಡೆಗೆ ಅಂಟಿಕೊಂಡು ನಿಲ್ಲುತ್ತದೆ. ಆ ಬಂಡೆ ಗಂಡನ ಶಾಪದಿಂದ ಕಲ್ಲಾದ ಚಂಡಿ. ಮುಂದೆ ಹೆಂಗಸರದೇ ಒಂದು ರಾಜ್ಯ, ಅದಕ್ಕೆ ಪ್ರಮೀಳೆ ಒಡತಿ. ಮಗ ಬಭ್ರುವಾಹನನ ಕೈಯಲ್ಲಿ ಮಡಿದ ಅರ್ಜುನನು ಏಳಬೇಕಾದರೆ ಪಾತಾಳದಿಂದ ಸಂಜೀವಕ ಮಣಿ ಬರಬೇಕು.

ಕಥೆ ಹೀಗೆ ಮಕ್ಕಳಿಗೂ ಹಿಡಿಸತಕ್ಕದ್ದು. ಮಾತು ಮಾತ್ರ ಸುಲಭದ್ದಲ್ಲ: ಉದ್ದುದ್ದ ಸಮಾಸ, ಶ್ಲೇಷೆ, ಉಪಮೆಯ ಮೇಲೆ ಉಪಮೆ. 1852ರಲ್ಲಿ ವೆಸ್ಲಿಯನ್ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್ನರು ಇದನ್ನು ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದಾಗ ಇಂಗ್ಲಿಷ್ ಅನುವಾದವನ್ನೂ ಟಿಪ್ಪಣಿಗಳನ್ನೂ ಸೇರಿಸಬೇಕಾಯಿತು. ಹಾಗಾದರೆ ಅಕ್ಷರವೇ ಬಾರದ ನಮ್ಮ ಹಿರಿಯರು ಇದನ್ನು ಹೇಗೆ ದಕ್ಕಿಸಿಕೊಂಡರು?

ಕಿವಿಯಿಂದ. ಶ್ರಾವಣದ ರಾತ್ರಿ ಒಬ್ಬರು ರಾಗವಾಗಿ ಓದುವರು, ಇನ್ನೊಬ್ಬರು ಅರ್ಥ ಹೇಳುವರು. ಕವಿಯೂ ನೆನಪಿಗೆ ಊರುಗೋಲು ಕೊಟ್ಟೇ ಬರೆದಿದ್ದಾನೆ. ಇಡೀ ಕಾವ್ಯ ವಾರ್ಧಕ ಷಟ್ಪದಿ. ಒಂದು, ಎರಡು, ನಾಲ್ಕು, ಐದನೆಯ ಪಾದಗಳಿಗೆ 20 ಮಾತ್ರೆ. ಮೂರು ಮತ್ತು ಆರನೆಯದಕ್ಕೆ 32. ಆರೂ ಪಾದಗಳಲ್ಲಿ ಎರಡನೆಯ ಅಕ್ಷರದ ವ್ಯಂಜನ ಒಂದೇ. ಪಾದ ಮರೆತರೂ ಆ ಅಕ್ಷರ ನೆನಪಿರುತ್ತದೆ. ಅದನ್ನು ಹಿಡಿದೆಳೆದರೆ ಉಳಿದದ್ದು ಬರುತ್ತದೆ. ಚಂದ್ರಹಾಸನ ಕಥೆಯಂತೂ ನಿಂತಿರುವುದೇ ಅಕ್ಷರದ ಮೇಲೆ. ಅವನಿಗೆ ವಿಷವನ್ನು ಕೊಡಬೇಕೆಂಬ ಓಲೆಯನ್ನು ವಿಷಯೆಯನ್ನು ಕೊಡಬೇಕೆಂದು ತಿದ್ದಿ, ಮಂತ್ರಿಯ ಮಗಳು ವಿಷಯೆ ಅವನ ಕೈ ಹಿಡಿಯುತ್ತಾಳೆ. ಓದಲು ಬಾರದವರು ಈ ಕಥೆಗೆ ಎಷ್ಟು ನಗುತ್ತಿದ್ದರೆಂಬುದನ್ನು ಕಂಡಿದ್ದೇನೆ.

ಪರಿಷತ್ತಿನ ಜಾಣ ಪರೀಕ್ಷೆ ಮುಗಿಸಿದ ವರ್ಷ, ಹೊಳಲ್ಕೆರೆ ಬಳಿಯ ನಮ್ಮ ಹಳ್ಳಿಯಲ್ಲಿ ಓದುವ ಸರದಿ ನನ್ನದಾಯಿತು. ಚಂಡಿಯ ಪ್ರಸಂಗದಲ್ಲಿ ಅವಸರಪಟ್ಟು ಒಂದು ಪದ್ಯ ಹಾರಿಸಿದೆ. ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ನಮ್ಮಜ್ಜಿ, “ಲೋ ಮಗಾ, ಕುದುರೆ ಇನ್ನೂ ಬಂಡೆ ಬಿಟ್ಟಿಲ್ಲ, ನೀನಾಗಲೇ ಹೊರಟೆಯಲ್ಲೋ” ಎಂದರು. ಅಜ್ಜಿಗೆ ತಮ್ಮ ಹೆಸರು ಬರೆಯಲೂ ಬರುತ್ತಿರಲಿಲ್ಲ.

ಆ ಓದು ಈಗ ನಮ್ಮೂರಿನಲ್ಲಿ ನಿಂತಿದೆ. ಹೋದ ವರ್ಷ ತರಗತಿಯಲ್ಲಿ ಅದೇ ಪ್ರಸಂಗವನ್ನು ರಾಗವಾಗಿ ಓದಿ, ಬೇಕೆಂದೇ ಒಂದು ಪಾದ ಬಿಟ್ಟೆ. ಯಾರೂ ತಡೆಯಲಿಲ್ಲ. ದಿನವೂ ಓದಿದೆ. ನಾಲ್ಕನೆಯ ದಿನ ಮತ್ತೆ ಬಿಟ್ಟಾಗ ಹಿಂದಿನ ಬೆಂಚಿನಿಂದ ಹುಡುಗಿಯೊಬ್ಬಳು, “ಸಾರ್, ಒಂದು ಸಾಲು ಬಿಟ್ಟುಹೋಯ್ತು” ಎಂದಳು.