ಚುಕ್ಕಾಣಿ ಯಾವ ಕಡೆಗಿತ್ತು?

ನಮ್ಮ ಮಾರಿಸ್‌ವಿಲ್ಲಿನ ಮಗ್ಗುಲಲ್ಲೇ ಆರ್‌ಡಿಯು ವಿಮಾನ ನಿಲ್ದಾಣ. ಕತ್ತಲಾದ ಮೇಲೆ ವಾಕಿಂಗ್ ಹೊರಟರೆ ವಿಮಾನಗಳ ಎಡರೆಕ್ಕೆಯಲ್ಲಿ ಕೆಂಪು ದೀಪ, ಬಲರೆಕ್ಕೆಯಲ್ಲಿ ಹಸಿರು ದೀಪ ಕಾಣಿಸುತ್ತವೆ. ಇದು ಹಡಗಿನಿಂದ ಬಂದ ರೂಢಿ. ಅಷ್ಟೇ ಯಾಕೆ, ಊರಿಗೆ ಹೊರಟಾಗ ನಾವು ವಿಮಾನ ಹತ್ತೋದು ಎಡಗಡೆ ಬಾಗಿಲಿಂದ ತಾನೆ? ಅದೂ ಹಡಗಿನದೇ ಪಳೆಯುಳಿಕೆ ಅಂತಾರೆ.

ಹಡಗಿನ ಬಲಮಗ್ಗುಲಿಗೆ ಇಂಗ್ಲಿಷಿನಲ್ಲಿ 'ಸ್ಟಾರ್‌ಬೋರ್ಡ್' ಎಂದು ಹೆಸರು. ನಕ್ಷತ್ರಕ್ಕೂ ಅದಕ್ಕೂ ಸಂಬಂಧವಿಲ್ಲ! ಹಳೆಯ ಇಂಗ್ಲಿಷಿನಲ್ಲಿ ಅದರರ್ಥ 'ಚುಕ್ಕಾಣಿಯ ಮಗ್ಗುಲು'. ಆ ಕಾಲದ ಉತ್ತರ ಯುರೋಪಿನ ಹಡಗುಗಳಲ್ಲಿ ಬಲಮಗ್ಗುಲಿಗೆ ಕಟ್ಟಿದ ದೊಡ್ಡ ಹುಟ್ಟೇ ಚುಕ್ಕಾಣಿ. ಅದು ದಕ್ಕೆಗೆ ತಾಗಿ ಮುರಿಯಬಾರದಲ್ಲ, ಹಾಗಾಗಿ ಎಡಮಗ್ಗುಲನ್ನೇ ದಕ್ಕೆಗೆ ಆನಿಸಿ ನಿಲ್ಲಿಸೋರು. ಎಡಕ್ಕೆ 'ಲಾರ್‌ಬೋರ್ಡ್' ಅಂತ ಹೆಸರಿತ್ತು. ಗಾಳಿಯಲ್ಲಿ ಕೂಗಿದರೆ ಎರಡೂ ಒಂದೇ ಥರ ಕೇಳಿಸಿ ಎಡವಟ್ಟು! ಕೊನೆಗೆ 1844ರಲ್ಲಿ ಬ್ರಿಟಿಷ್ ನೌಕಾಪಡೆ, 1846ರಲ್ಲಿ ಅಮೆರಿಕದ ನೌಕಾಪಡೆ, ಎಡಕ್ಕೆ 'ಪೋರ್ಟ್' ಅಂತಲೇ ಹೇಳಬೇಕೆಂದು ಆದೇಶ ಹೊರಡಿಸಿದವು.

ಇಷ್ಟು ಹೊತ್ತು ನಾನು ಸಲೀಸಾಗಿ ಬಳಸಿದ 'ಚುಕ್ಕಾಣಿ' ಎಲ್ಲಿಯದು? ನಮ್ಮ ಪತ್ರಿಕೆಗಳಲ್ಲಿ ದಿನಾ ಯಾರಾದರೂ ಅಧಿಕಾರದ ಚುಕ್ಕಾಣಿ ಹಿಡಿಯುತ್ತಲೇ ಇರ್ತಾರೆ. ಕಡಲನ್ನೇ ಕಾಣದ ಬಯಲುಸೀಮೆಯವರಿಗೂ ಅದು ಮನೆಮಾತು. ಆದರೆ ಮೂಲ ಅರಬ್ಬಿಯ 'ಸುಕ್ಕಾನ್'. ಬಂದರು, ಲಂಗರುಗಳ ಮೂಲ ಪರ್ಷಿಯನ್. ಇವೆಲ್ಲ ಅರಮನೆಯ ಮಾತುಗಳಲ್ಲ, ದಕ್ಕೆಯ ಮಾತುಗಳು.

ನಮ್ಮ ಕರಾವಳಿಗೂ ಅರಬ್ಬರ ನಾಡಿಗೂ ನಂಟು ಅಷ್ಟು ಹಳೆಯದು. ಹನ್ನೆರಡನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿದ್ದ. ಏಡನ್ನಿನ ವ್ಯಾಪಾರಿಗಳೊಂದಿಗೆ ಅವನು ನಡೆಸಿದ ಪತ್ರವ್ಯವಹಾರ ಕೈರೋದ ಯಹೂದಿ ಮಂದಿರವೊಂದರಲ್ಲಿ ಉಳಿದುಕೊಂಡಿತ್ತು. ಅವನ ಪರವಾಗಿ ಏಡನ್ನಿಗೆ ಹೋಗಿಬಂದ ಆಳಿನ ಹೆಸರು 'ಬೊಮ್ಮ' ಎಂದು ಅಮಿತಾವ್ ಘೋಷ್ ಓದಿದ್ದಾರೆ. ಅವನ ಕಥೆ ಘೋಷರ 1992ರ 'ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್' ಪುಸ್ತಕದಲ್ಲಿದೆ.

ಕನ್ನಡದಿಂದ ಪರಭಾಷೆಯ ಪದಗಳನ್ನೆಲ್ಲ ಕಿತ್ತುಹಾಕಬೇಕು ಅನ್ನೋ ಕೂಗು ಆಗಾಗ ಕೇಳುತ್ತೆ. ಬೇಡದ ಕಡೆ ಇಂಗ್ಲಿಷ್ ತುರುಕೋದು ನನಗೂ ಇಷ್ಟವಿಲ್ಲ, ಒಪ್ತೀನಿ. ಆದರೆ ಚುಕ್ಕಾಣಿಯನ್ನು ಕಿತ್ತರೆ ಹೋಗೋದು ಬರೀ ಒಂದು ಅರಬ್ಬಿ ಪದವಲ್ಲ. ಬೊಮ್ಮನಂಥವರು ಓಡಾಡಿದ ದಾರಿಯ ಗುರುತೂ ಹೋಗುತ್ತೆ. ಹೊಟ್ಟೆಪಾಡಿಗೆ ಕಡಲು ದಾಟಿದವರಲ್ಲಿ ನಾವೇನೂ ಮೊದಲಿಗರಲ್ಲ, ಅಲ್ವೇ?