ಯೂನಿಫಾರ್ಮ್ ಇಲ್ಲದವರ ಕುರ್ಚಿ

ಬೆಂಗಳೂರಿನ ರಕ್ಷಣಾ ಪ್ರಯೋಗಾಲಯವೊಂದರಲ್ಲಿ ಸಿವಿಲಿಯನ್ ಆಗಿಯೇ ದುಡಿದು ನಿವೃತ್ತಳಾದವಳು ನಾನು. ಯೂನಿಫಾರ್ಮಿನವರು ಪೋಸ್ಟಿಂಗ್ ಮೇಲೆ ಬರುತ್ತಿದ್ದರು, ಕೆಲವು ವರ್ಷಕ್ಕೆ ಹೊರಡುತ್ತಿದ್ದರು. ನಾವು ಉಳಿಯುತ್ತಿದ್ದೆವು. ಹಾಗೆ ಉಳಿದವರ ನಡುವಿನಿಂದ ಒಬ್ಬರು ತುತ್ತತುದಿಯ ಕುರ್ಚಿಗೆ ಏರಲು ಮೂವತ್ತಕ್ಕೂ ಹೆಚ್ಚು ವರ್ಷ ಬೇಕಾದವು.

1948ರಲ್ಲಿ ರಕ್ಷಣಾ ಮಂತ್ರಿಯ ವೈಜ್ಞಾನಿಕ ಸಲಹೆಗಾರರಾದ ದೌಲತ್ ಸಿಂಗ್ ಕೊಠಾರಿ ದೆಹಲಿ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಮೇಷ್ಟ್ರು. ಮದ್ದುಗುಂಡಿನ ಜೊತೆಗೆ ಸೈನಿಕನ ಊಟ, ಮನಸ್ಸು ಕೂಡ ವಿಜ್ಞಾನದ ವಿಷಯವೆಂದು ತಿಳಿದು ಎಳೆಯರನ್ನು ಸೇರಿಸಿಕೊಂಡವರು ಅವರು. 1958ರಲ್ಲಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ, ಅಂದರೆ ಡಿಆರ್‌ಡಿಓ ಹುಟ್ಟಿತು. 1961ರಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ (ಭಾರತೀಯ ವಿಜ್ಞಾನ ಸಂಸ್ಥೆಯ) ನಿರ್ದೇಶಕ ಭಗವಂತಂ ಆ ಸಲಹೆಗಾರರ ಕುರ್ಚಿಗೆ ಬಂದರು. ಆಮೇಲೆ ನಾಗ್ ಚೌಧುರಿ, ಎಂ.ಜಿ.ಕೆ. ಮೆನನ್, ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ. ಎಲ್ಲರೂ ಹೊರಗಿನಿಂದಲೇ ಬಂದ ಘನವಿದ್ವಾಂಸರು. ಜನರಲ್‌ಗಳ ಎದುರು ಕೂತು ‘ಇದು ಆಗುವುದಿಲ್ಲ’ ಎನ್ನಲು ಅಂಥ ಎತ್ತರ ಬೇಕಿತ್ತು, ನಿಜ. ಆದರೆ ಬೆಂಚಿನ ಬಳಿ ನಿಂತು ಬೆಳೆದವರ ದಾರಿ ಯಾವುದು?

ಆ ದಾರಿ ತೆರೆದದ್ದು ಬಡ್ತಿಯ ನಿಯಮ. ಮೇಲೆ ಹುದ್ದೆ ಖಾಲಿಯಾಗಲೆಂದು ಕಾಯಬೇಕಿಲ್ಲ; ಮಾಡಿದ ಕೆಲಸ ನೋಡಿ, ಬೋರ್ಡಿನ ಮುಂದೆ ಕೂರಿಸಿ ಕೇಳಿ, ಒಪ್ಪಿದರೆ ಮುಂದಿನ ಗ್ರೇಡು. ಆ ಸಂದರ್ಶನದ ಹಿಂದಿನ ರಾತ್ರಿ ನಾವ್ಯಾರೂ ನಿದ್ದೆ ಮಾಡುತ್ತಿರಲಿಲ್ಲ. ಸರ್ಕಾರಿ ನೌಕರಿಯಲ್ಲಿ ಇಷ್ಟು ನ್ಯಾಯವಾದ ಏರ್ಪಾಡನ್ನು ನಾನು ಬೇರೆಲ್ಲೂ ಕಂಡಿಲ್ಲ.

1982ರಲ್ಲಿ ಸಲಹೆಗಾರರಾದ ವಿ.ಎಸ್. ಅರುಣಾಚಲಂ ಹಾಗೆ ಒಳಗಿನಿಂದ ಬಂದವರು. ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಪ್ರಯೋಗಾಲಯವನ್ನು ನಡೆಸಿ ಬಂದವರು. ಅದೇ ವರ್ಷ ಅಬ್ದುಲ್ ಕಲಾಂ ಇಸ್ರೋ ಬಿಟ್ಟು ಹೈದರಾಬಾದಿನ ಕ್ಷಿಪಣಿ ಪ್ರಯೋಗಾಲಯವಾದ ಡಿಆರ್‌ಡಿಎಲ್ ನಿರ್ದೇಶಕರಾದರು. ಮರುವರ್ಷ ಕ್ಷಿಪಣಿ ಕಾರ್ಯಕ್ರಮಕ್ಕೆ 388 ಕೋಟಿ ರೂಪಾಯಿ ಮಂಜೂರಾಯಿತು.

ಕಲಾಂ ಐದು ಕ್ಷಿಪಣಿಗಳನ್ನು ಐವರ ಕೈಗೆ ಕೊಟ್ಟ ರೀತಿಯನ್ನು ನಾನು ತುಂಬ ಮೆಚ್ಚುತ್ತೇನೆ. ಪೃಥ್ವಿ ಭೂಸೇನೆಯ ಕರ್ನಲ್ ಸುಂದರಂ ಅವರಿಗೆ, ತ್ರಿಶೂಲ್ ನೌಕಾಪಡೆಯ ಕಮಾಂಡರ್ ಮೋಹನ್ ಅವರಿಗೆ. ಅಗ್ನಿ, ನಾಗ್, ಆಕಾಶ್ ಸಿವಿಲಿಯನ್ನರಿಗೆ. ಸಿವಿಲಿಯನ್ ನಿರ್ದೇಶಕನಿಗೆ ಯೂನಿಫಾರ್ಮಿನವರು ವರದಿ ಒಪ್ಪಿಸಿದರು. ಆಕಾಶ್ ಸಿಕ್ಕಿದ್ದು ಬೆಂಗಳೂರಿನ ಪ್ರಹ್ಲಾದ ರಾಮರಾವ್ ಅವರಿಗೆ, ಇನ್ನೂ ಮೂವತ್ತರ ಹರೆಯದಲ್ಲಿದ್ದವರಿಗೆ. ವರ್ಷಗಟ್ಟಲೆ ಅವರು ಆ ಒಂದೇ ಕ್ಷಿಪಣಿಯ ಹಿಂದೆ ನಿಂತರು. ಮುಂದೆ ಕಲಾಂ ಕೂತಿದ್ದ ಡಿಆರ್‌ಡಿಎಲ್ ನಿರ್ದೇಶಕರ ಕುರ್ಚಿಯಲ್ಲಿ ಅವರೇ ಕೂತರು.