ಜತ್ತದ ಇತಿಹಾಸದಲ್ಲಿ ಕೆಲವು ಇಂಗ್ಲಿಷ್ ಶಬ್ದಗಳು

ಜತ್ತ ತಾಲೂಕಿನ ಕನ್ನಡ ಶಾಲೆಗಳಲ್ಲಿ ಮೂರು ದಶಕಗಳಿಗೂ ಮಿಕ್ಕಿ ಇಂಗ್ಲಿಷ್ ಕಲಿಸಿದವನು ನಾನು. ಸಮಾನಾರ್ಥಕ ಶಬ್ದಗಳ ಪಟ್ಟಿಯನ್ನು ಕರಿಹಲಗೆಯ ಮೇಲೆ ಬರೆಯುತ್ತಿದ್ದೆ. ಮಕ್ಕಳು ಬಾಯಿಪಾಠ ಮಾಡಿ ಅಂಕ ಪಡೆಯುತ್ತಿದ್ದರು. ಒಂದೇ ಅರ್ಥ ಹೇಳುವುದಕ್ಕೆ ಎರಡು ಶಬ್ದಗಳೇಕೆ ಎಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ನಮ್ಮ ಸೀಮೆಯ ಇತಿಹಾಸವನ್ನು ಓದತೊಡಗಿದ ಮೇಲೆ ಆ ಪ್ರಶ್ನೆಗೆ ಉತ್ತರ ದೊರೆಯಿತು. ನಮ್ಮ ಊರುಗಳ ಹಣೆಬರಹವನ್ನು ಬರೆದ ಕಾಗದಪತ್ರಗಳು ಇಂಗ್ಲಿಷಿನಲ್ಲಿದ್ದವು. ಒಂದೇ ಎಂದು ನಾವು ತಿಳಿದ ಶಬ್ದಗಳನ್ನು ಬರೆದವರು ಬೇರೆ ಬೇರೆ ಎಂದು ತಿಳಿದೇ ಬಳಸಿದ್ದರು.

ಮೊದಲಿಗೆ ಬ್ರಿಟಿಷರ ಕಾಲವನ್ನು ನೋಡೋಣ. ಡಫಳೆ ಮನೆತನದ ಜತ್ತವು ಸಾತಾರೆಯ ಆರು ಜಹಗೀರುಗಳಲ್ಲಿ ಒಂದಾಗಿತ್ತು. ಅಕ್ಕಲಕೋಟೆ, ಔಂಧ, ಭೋರ, ಫಲಟಣ, ಡಫಳಾಪುರ ಉಳಿದ ಐದು. 1848ರಲ್ಲಿ ಸಾತಾರೆಯ ದೊರೆ ತೀರಿಕೊಂಡಾಗ ಗವರ್ನರ್ ಜನರಲ್ ಡಾಲ್‌ಹೌಸಿ ದತ್ತುಪುತ್ರನನ್ನು ಮಾನ್ಯ ಮಾಡಲಿಲ್ಲ. ರಾಜ್ಯ ಕಂಪನಿಯ ಪಾಲಾಯಿತು. ಜಹಗೀರುಗಳೂ ಕಂಪನಿಯ ಮೇಲ್ವಿಚಾರಣೆಗೆ ಬಂದವು. ಇದಕ್ಕೆ ಆಂಗ್ಲರು ಬಳಸಿದ ಶಬ್ದ ‘ಲ್ಯಾಪ್ಸ್’. ಕಂತು ತುಂಬದೆ ವಿಮೆಯ ಪಾಲಿಸಿ ಲ್ಯಾಪ್ಸ್ ಆಯಿತೆಂದು ಇಂದಿಗೂ ಅನ್ನುತ್ತೇವಲ್ಲ, ಅದೇ ಶಬ್ದ. ಅವಧಿ ಮುಗಿದು ತಾನಾಗಿಯೇ ಸರಿದುಹೋಯಿತೆಂದು ಅದರ ಧ್ವನಿ. ‘ಅನೆಕ್ಸ್’ ಎಂದರೆ ಇನ್ನೊಬ್ಬರದನ್ನು ತನ್ನದಕ್ಕೆ ಸೇರಿಸಿಕೊಳ್ಳುವುದು. ಅಲ್ಲಿ ಸೇರಿಸಿಕೊಂಡವನು ಯಾರೆಂದು ಕಾಣುತ್ತದೆ. ಲ್ಯಾಪ್ಸ್ ಎಂಬಲ್ಲಿ ಕರ್ತೃಪದವೇ ಇಲ್ಲ. ವ್ಯಾಕರಣದ ಮೇಷ್ಟ್ರಾದ ನನಗೆ ಅದರ ಜಾಣತನ ತಿಳಿಯಲು ಬಹಳ ವರ್ಷ ಬೇಕಾದವು.

ಒಂದು ಶತಮಾನ ಕಳೆದು ಸ್ವಾತಂತ್ರ್ಯ ಬಂದಾಗ ಮತ್ತೊಂದು ಜೋಡಿ ಎದುರಾಯಿತು: ‘ಅಕ್ಸೆಶನ್’ ಮತ್ತು ‘ಮರ್ಜರ್’. ನಾವು ಎರಡಕ್ಕೂ ವಿಲೀನವೆಂದೇ ಹೇಳುತ್ತೇವೆ. 1947ರಲ್ಲಿ ಸಂಸ್ಥಾನಿಕರು ಸಹಿ ಹಾಕಿದ ಅಕ್ಸೆಶನ್ ಪತ್ರದಿಂದ ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ ಎಂಬ ಮೂರು ವಿಷಯಗಳು ಮಾತ್ರ ಭಾರತ ಸರಕಾರಕ್ಕೆ ಸೇರಿದವು, ಗಾದಿ ಉಳಿಯಿತು. ಮರ್ಜರ್‌ನಿಂದ ಸಂಸ್ಥಾನವೇ ಇಲ್ಲವಾಯಿತು. ಅಕ್ಸೆಶನ್ ಎಂದರೆ ಎರಡು ಮನೆಯ ಜೋಳದ ಚೀಲಗಳನ್ನು ಒಂದೇ ಅಟ್ಟದಲ್ಲಿ ಇಟ್ಟಂತೆ. ಮರ್ಜರ್ ಎಂದರೆ ಎರಡನ್ನೂ ಒಂದೇ ಹಗೇವಿಗೆ ಸುರಿದಂತೆ. ಆಮೇಲೆ ನಿನ್ನದೆಷ್ಟು, ನನ್ನದೆಷ್ಟು ಎಂದು ಕೇಳುವಂತಿಲ್ಲ. 1948ರ ಮಾರ್ಚ್ 8ರಂದು ಜತ್ತವೂ ಸೇರಿದಂತೆ ದಕ್ಷಿಣದ ಹಲವು ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಹೀಗೆ ಕರಗಿದವು.

1949ರಲ್ಲಿ ದಕ್ಷಿಣ ಸಾತಾರಾ ಜಿಲ್ಲೆ ರಚನೆಯಾದಾಗ ಜತ್ತ ಅದರೊಳಗೆ ಬಂದಿತು. 1956ರ ನವೆಂಬರ್ 1ರಂದು ವಿಜಾಪುರ, ಧಾರವಾಡ, ಕಾರವಾರ ಜಿಲ್ಲೆಗಳೂ ಚಂದಗಡ ಬಿಟ್ಟು ಉಳಿದ ಬೆಳಗಾವಿಯೂ ಮೈಸೂರು ರಾಜ್ಯಕ್ಕೆ ಸೇರಿದವು. ಪುನರ್ವಿಂಗಡಣೆ ಹೆಚ್ಚಾಗಿ ಜಿಲ್ಲೆಯ ಲೆಕ್ಕದಲ್ಲಿ ನಡೆದುದರಿಂದ ನಾವು ಮುಂಬಯಿಯಲ್ಲೇ ಉಳಿದೆವು. 1960ರ ಮೇ 1ರಂದು ಮಹಾರಾಷ್ಟ್ರವಾಯಿತು. ಅದೇ ವರ್ಷ ಜಿಲ್ಲೆಗೆ ಸಾಂಗಲಿ ಎಂಬ ಹೆಸರಾಯಿತು.

ಇನ್ನು ನಮ್ಮೆಲ್ಲರ ಮನೆಮಾತಾದ ಮಹಾಜನ ಆಯೋಗ. ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನರನ್ನು 1966ರ ಅಕ್ಟೋಬರಿನಲ್ಲಿ ನೇಮಿಸಲಾಯಿತು. 1967ರ ಆಗಸ್ಟಿನಲ್ಲಿ ವರದಿ ಬಂದಿತು. ಬೆಳಗಾವಿ ಮೈಸೂರಿನಲ್ಲೇ ಇರಲಿ, ನಿಪ್ಪಾಣಿ, ಖಾನಾಪುರ ಮೊದಲಾದ 264 ಊರುಗಳು ಮಹಾರಾಷ್ಟ್ರಕ್ಕೂ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತದ ಕೆಲವು ಭಾಗ ಮೊದಲಾದ 247 ಊರುಗಳು ಮೈಸೂರಿಗೂ ಹೋಗಲಿ ಎಂಬುದು ಅದರ ಸಾರ. ಮಹಾರಾಷ್ಟ್ರ ಒಪ್ಪಲಿಲ್ಲ, ಸಂಸತ್ತು ಕಾಯಿದೆ ಮಾಡಲಿಲ್ಲ.

ನಮ್ಮ ಕಟ್ಟೆಯ ಮೇಲಿನ ಹಿರಿಯರು ಇದನ್ನು ‘ಮಹಾಜನ ತೀರ್ಪು’ ಎನ್ನುತ್ತಿದ್ದರು. ನ್ಯಾಯಮೂರ್ತಿ ಹೇಳಿದ್ದು ತೀರ್ಪೇ ಅಲ್ಲವೇ ಎಂಬುದು ಅವರ ಭಾವನೆ. ಆದರೆ ಅವರು ಕೊಟ್ಟದ್ದು ‘ರೆಕಮೆಂಡೇಶನ್’, ಅಂದರೆ ಶಿಫಾರಸು. ‘ಅವಾರ್ಡ್’, ಅಂದರೆ ಪಕ್ಷಗಾರರನ್ನು ಕಟ್ಟಿಹಾಕುವ ನಿರ್ಣಯ, ಬೇರೆ. ಅದೇ ಕಾಲದ ಇನ್ನೊಂದು ವ್ಯಾಜ್ಯವನ್ನು ಪಕ್ಕದಲ್ಲಿಟ್ಟರೆ ಭೇದ ಸ್ಪಷ್ಟವಾಗುತ್ತದೆ. ಕೃಷ್ಣೆಯ ನೀರಿನ ಹಂಚಿಕೆಗೆ 1969ರಲ್ಲಿ ನ್ಯಾಯಮೂರ್ತಿ ಬಚಾವತರ ಅಧ್ಯಕ್ಷತೆಯಲ್ಲಿ ನೇಮಕವಾದದ್ದು ಟ್ರಿಬ್ಯುನಲ್. ಅದು 1956ರ ಅಂತರರಾಜ್ಯ ಜಲವಿವಾದ ಕಾಯಿದೆಯಂತೆ ಕೊಟ್ಟ ನಿರ್ಣಯ 1976ರಲ್ಲಿ ರಾಜಪತ್ರದಲ್ಲಿ ಪ್ರಕಟವಾಗಿ ರಾಜ್ಯಗಳನ್ನು ಬಂಧಿಸಿತು. ನೀರಿಗೆ ಅವಾರ್ಡ್ ದೊರೆಯಿತು, ನೆಲಕ್ಕೆ ರೆಕಮೆಂಡೇಶನ್ ಮಾತ್ರ. ಗಡಿ ಬದಲಿಸುವ ಅಧಿಕಾರ ಸಂವಿಧಾನದ 3ನೆಯ ವಿಧಿಯಂತೆ ಸಂಸತ್ತಿನದು. ಅಲ್ಲಿಯೂ ಸಂಬಂಧಪಟ್ಟ ವಿಧಾನಮಂಡಲದಿಂದ ಕೇಳುವುದು ‘ವ್ಯೂಸ್’, ಎಂದರೆ ಅಭಿಪ್ರಾಯ. ‘ಕನ್ಸೆಂಟ್’, ಎಂದರೆ ಸಮ್ಮತಿ, ಬೇಕೆಂದಿಲ್ಲ.

ಕೊನೆಯ ಉದಾಹರಣೆ ನನ್ನ ತಪ್ಪಿನದು. ಗಡಿಯ ಮಾತು ದೊಡ್ಡವರಿಗೆ ಬಿಟ್ಟದ್ದು. ಶಾಲೆಯ ಮಾತು ನಮ್ಮ ಮಕ್ಕಳದು. ನಾನು ಮುಖ್ಯಾಧ್ಯಾಪಕನಾಗಿದ್ದಾಗ ನೆರೆಯ ಊರೊಂದರ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಶಿಕ್ಷಕರ ಹುದ್ದೆ ಖಾಲಿ ಬಿದ್ದಿತ್ತು. ನಾಲ್ಕು ತರಗತಿಗಳನ್ನು ಒಬ್ಬರೇ ಗುರುಗಳು ನೋಡುತ್ತಿದ್ದರು. ಪಾಲಕರು ಬಂದು, “ಸರ್, ನೀವು ಇಂಗ್ಲಿಷ್ ಬಲ್ಲವರು, ಒಂದು ಅರ್ಜಿ ಬರೆದುಕೊಡ್ರಿ” ಎಂದರು. ಸಂವಿಧಾನದ 350ಎ ವಿಧಿಯಂತೆ ಮಾತೃಭಾಷೆಯ ಶಿಕ್ಷಣ ನಮ್ಮ ‘ರೈಟ್’ ಎಂದು ಜೋರಾಗಿಯೇ ಬರೆದೆ. ಕೆಲವು ತಿಂಗಳ ನಂತರ ಉತ್ತರ ಬಂದಿತು: ಆ ವಿಧಿಯಲ್ಲಿ ರೈಟ್ ಎಂಬ ಶಬ್ದವೇ ಇಲ್ಲ!

ಪುಸ್ತಕ ತೆಗೆದು ನೋಡಿದೆ. ಅವರು ಹೇಳಿದ್ದು ನಿಜವಾಗಿತ್ತು. 1956ರಲ್ಲಿ ಏಳನೆಯ ತಿದ್ದುಪಡಿಯಿಂದ ಬಂದ ಆ ವಿಧಿಯಲ್ಲಿರುವುದು ‘ಫೆಸಿಲಿಟಿ’, ಎಂದರೆ ಸೌಕರ್ಯ. ಅದನ್ನು ಒದಗಿಸುವುದು ರಾಜ್ಯದ ‘ಎಂಡೆವರ್’, ಎಂದರೆ ಪ್ರಯತ್ನ. ‘ಡ್ಯೂಟಿ’ ಎಂಬ ಶಬ್ದ ಅಲ್ಲಿಲ್ಲ. ರೈಟ್ ಎಂಬುದು 30ನೆಯ ವಿಧಿಯಲ್ಲಿದೆ. ಅದು ಭಾಷಾ ಅಲ್ಪಸಂಖ್ಯಾತರು ತಮ್ಮ ಶಾಲೆಯನ್ನು ತಾವೇ ಸ್ಥಾಪಿಸಿ ನಡೆಸುವ ಹಕ್ಕು. ನಾವೇ ಕಟ್ಟಿಕೊಳ್ಳುವ ಶಾಲೆ ಹಕ್ಕು. ಸರಕಾರ ನಡೆಸಿಕೊಡುವ ಶಾಲೆ ಸೌಕರ್ಯ.

ಆದರೆ ಅದೇ ವಾಕ್ಯದಲ್ಲಿ ನಾನು ಗಮನಿಸದ ಇನ್ನೊಂದು ಶಬ್ದವಿತ್ತು: ‘ಅಡಿಕ್ವೇಟ್’, ಸಾಕಷ್ಟು. ಬರಿಯ ಸೌಕರ್ಯ ಸಾಲದು, ಸಾಕಷ್ಟು ಸೌಕರ್ಯವಿರಬೇಕು. 1949ರ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನವು ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಮಾತೃಭಾಷೆಯ ಶಿಕ್ಷಕರನ್ನು ಕೊಡಬೇಕೆಂದು ಠರಾಯಿಸಿತ್ತು. ಎರಡನೆಯ ಅರ್ಜಿಯಲ್ಲಿ ರೈಟ್ ತೆಗೆದು, ಮಕ್ಕಳ ಎಣಿಕೆ ಕೊಟ್ಟು, ನಾಲ್ಕು ತರಗತಿಗೆ ಒಬ್ಬರು ಅಡಿಕ್ವೇಟ್ ಆಗುತ್ತಾರೆಯೇ ಎಂದಷ್ಟೇ ಕೇಳಿದೆ. ಮರುವರ್ಷ ಜೂನಿನಲ್ಲಿ ಶಿಕ್ಷಕರೊಬ್ಬರು ಬಂದರು. ಅರ್ಜಿಯಿಂದಲೇ ಬಂದರೆಂದು ಹೇಳಲಾರೆ. ಆದರೆ ಮೊದಲಿನ ಅರ್ಜಿ ತಪ್ಪಿಲ್ಲದೆ ಹೋಗಿದ್ದರೆ ಆ ಮಕ್ಕಳಿಗೆ ಒಂದು ವರ್ಷ ಉಳಿಯುತ್ತಿತ್ತೋ ಏನೋ ಎಂಬ ಕೊರಗು ಇಂದಿಗೂ ನನ್ನಲ್ಲಿದೆ.

ಉಮದಿ, ಸಂಖ, ಗುಡ್ಡಾಪುರದ ಸುತ್ತಿನ ನಮ್ಮ ಮನೆಗಳಲ್ಲಿ ಕನ್ನಡ ಹಾಲಿನ ಜೊತೆಗೇ ಬರುತ್ತದೆ. ಮರಾಠಿ ಪೇಟೆಯಲ್ಲಿ ಬರುತ್ತದೆ. ಇಂಗ್ಲಿಷನ್ನು ಹಣ ಕೊಟ್ಟು ಕಲಿಸುತ್ತೇವೆ. ಕಲಿಸೋಣ, ಬೇಡವೆನ್ನುವುದಿಲ್ಲ. ಆದರೆ ಇಂಗ್ಲಿಷ್ ಕಲಿತ ಮಗ ಅಥವಾ ಮಗಳು ಊರಿನ ಕನ್ನಡ ಶಾಲೆಗಾಗಿ ಒಂದು ಅರ್ಜಿಯನ್ನು ತಪ್ಪಿಲ್ಲದೆ ಬರೆಯುವಂತಾಗಬೇಕು. ಸಂಘದ ತರುಣರು ವರ್ಷಕ್ಕೊಮ್ಮೆಯಾದರೂ ಕೂಡಿ ಇಂತಹ ಕಾಗದಪತ್ರಗಳನ್ನು ಶಬ್ದಶಃ ಓದುವ ಪರಿಪಾಠ ಇಟ್ಟುಕೊಳ್ಳಬೇಕೆಂದು ಈ ಸಮ್ಮೇಳನದ ಸಂದರ್ಭದಲ್ಲಿ ವಿನಂತಿಸುತ್ತೇನೆ. ಓದಲು ಕರೆದರೆ ಈ ಮುದಿ ಮೇಷ್ಟ್ರು ಬರಲು ಸಿದ್ಧನಿದ್ದಾನೆ.